ಇಂಪಾಸಿಬಲ್ ಮತ್ತು ಒಂದು ಫರ್ಸಿಕಲ್ಲು

ತಲೆಯ ಮೇಲೆ ಹೊತ್ತು ತಂದ ಚಪ್ಪಟೆ ಫರ್ಸಿಕಲ್ಲನ್ನು ಆಕೆ ನನ್ನ ತರಗತಿಯ ಗೋಡೆಯ ಪಕ್ಕ ಇಳಿಸಿ, ಸೆರಗಿನಿಂದ ಧೂಳು ಒರೆಸಿದಳು. ಮಗಳನ್ನು ಅದರ ಮೇಲೆ ಕೂಡಿಸಿ, “ಈಗ ಜಾಗ ಆಯ್ತಲ್ರಿ ಮಾಸ್ತರ್ರ?” ಎಂದಳು.

ನಿಜಾಮರ ಆಳ್ವಿಕೆ ಮುಗಿದ ಹೊಸತು. ಶಹಾಬಾದಿನ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಅಲ್ಲಿಯವರೆಗೆ ಎಲ್ಲದಕ್ಕೂ ಉರ್ದುವಿನಲ್ಲಿ ‘ನಾಮುಮ್ಕಿನ್’, ಆಗದು, ಎನ್ನುತ್ತಿದ್ದ ನಮ್ಮ ಹೆಡ್‌ಮಾಸ್ತರರು, ಸರಕಾರ ಬದಲಾದ ಮೇಲೆ ‘ಇಂಪಾಸಿಬಲ್’ ಹಿಡಿದಿದ್ದರು. ಸೀಮೆಸುಣ್ಣ ಕೇಳಿದರೆ ಇಂಪಾಸಿಬಲ್, ಮುರಿದ ಕಿಟಕಿ ತೋರಿಸಿದರೆ ಇಂಪಾಸಿಬಲ್. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಕಲ್ಲುಗಣಿಯಲ್ಲಿ ದುಡಿಯುವ ಈ ಹೆಂಗಸು ಹಿಂದಿನ ದಿನ ಮಗಳನ್ನು ಶಾಲೆಗೆ ಸೇರಿಸಲು ಬಂದಿದ್ದಳು. ಹುಡುಗಿಗೆ ಬೇರೆ ಬೆಂಚಿಲ್ಲ, ಹುಡುಗರ ಜೊತೆ ಕೂಡಿಸುವುದು ಇಂಪಾಸಿಬಲ್ ಎಂದು ಹೆಡ್‌ಮಾಸ್ತರರು ಸಾಗಹಾಕಿದರು. ಹೊರಗೆ ಬಂದು ಆಕೆ ನನ್ನನ್ನು ಆ ಪದದ ಅರ್ಥ ಕೇಳಿದಳು.

“ಯಾರ ಕೈಲೂ ಆಗಲಾರದ ಕೆಲಸ ಅಂತ, ಯವ್ವ.”

“ಒಂದು ಪೋರಿಗಿ ಕುಂದ್ರಲಿಕ್ಕಿ ಜಾಗ ಮಾಡೂದು ಯಾರ ಕೈಲೂ ಆಗಲ್ಲೇನ್ರಿ?” ಎಂದು ನನ್ನ ಮುಖವನ್ನೇ ನೋಡಿದಳು.

ಈಗ ಸದ್ದು ಕೇಳಿ ಹೆಡ್‌ಮಾಸ್ತರರು ಬಾಗಿಲಿಗೆ ಬಂದರು. ಕಲ್ಲನ್ನು ನೋಡಿದರು, ಹುಡುಗಿಯನ್ನು ನೋಡಿದರು. ಹುಡುಗರೆಲ್ಲ ಆ ಪದಕ್ಕಾಗಿ ಕಾದು ಕುಳಿತಿದ್ದರು. ಹೆಡ್‌ಮಾಸ್ತರರು ತೆರೆದ ಬಾಯಿ ಮುಚ್ಚಿಕೊಂಡು ಹೊರಟುಹೋದರು.

ಅವರ ಮೇಲಿನ ಸಿಟ್ಟು ಎಂದೋ ಇಳಿಯಿತು, ನನ್ನ ಮೇಲಿನದು ಇಳಿದಿಲ್ಲ. ಆಕೆ ಮೊದಲು ಬಂದ ದಿನವೂ ನನ್ನ ತರಗತಿಯ ಹಿಂಬದಿಯಲ್ಲಿ ಖಾಲಿ ಬೆಂಚೊಂದು ಬಿದ್ದಿತ್ತು. ಅದನ್ನು ಗೋಡೆಯ ಪಕ್ಕಕ್ಕೆ ಎಳೆಯಲು ನನಗೆ ಒಂದು ನಿಮಿಷ ಸಾಕಿತ್ತು.