ಮೆಟ್ರಿಯ ಓಣಿಯಲ್ಲಿ ಹಂಚಿಹೋದ ಹೆಪ್ಪು

ಕೋವಿಡ್ ತಣ್ಣಗಾದ ಮರುವರ್ಷ ನಾನು ಹೊಸಪೇಟೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಹಿರಿಯ ಮೈಕ್ರೋಬಯಾಲಜಿಸ್ಟ್ ಆಗಿದ್ದೆ; ಕೇಂದ್ರದ ಹೊಣೆಯೂ ನನ್ನದೇ. ಕೇಂದ್ರ ಎಂದರೆ ದೊಡ್ಡದೇನಲ್ಲ. ಬಾಡಿಗೆ ಕಟ್ಟಡದ ಒಂದೆರಡು ಕೋಣೆ, ಒಂದು ಡೀಪ್ ಫ್ರೀಜರ್, ಬೇಕಾದಾಗ ಮುನಿಸಿಕೊಳ್ಳುವ ಜನರೇಟರ್. ಬೆಂಗಳೂರಿನ ಕಂಪನಿಯೊಂದು ತಯಾರಿಸಿದ ಪ್ರೊಬಯಾಟಿಕ್ ಕ್ಯಾಪ್ಸೂಲು ಬೊಜ್ಜು ಇಳಿಸುತ್ತದೆಯೇ ಎಂದು ಪರೀಕ್ಷಿಸುವುದು ನಮ್ಮ ಕೆಲಸ. ಪ್ರೊಬಯಾಟಿಕ್ ಎಂದರೆ ದೇಹಕ್ಕೆ ಒಳಿತು ಮಾಡುವ ಜೀವಂತ ಬ್ಯಾಕ್ಟೀರಿಯಾ. ತಿಂದ ಅನ್ನದಿಂದ ಎಷ್ಟು ಶಕ್ತಿ ಹೀರಬೇಕು, ಎಷ್ಟನ್ನು ಕೊಬ್ಬಾಗಿ ಕೂಡಿಡಬೇಕು ಎಂಬುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಕೈವಾಡ ಇದೆ ಎಂಬುದು ಗೊತ್ತಿತ್ತು. ಎಷ್ಟರ ಮಟ್ಟಿಗೆ, ಯಾರಲ್ಲಿ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಜಾಹೀರಾತು ಬರೆಯುವವರಿಗೆ ಮಾತ್ರ ಬರ ಇರಲಿಲ್ಲ.

ಪ್ರಯೋಗಕ್ಕೆ ಎರಡು ಜಾಗ ಆರಿಸಿದ್ದೆವು: ಸಂಡೂರು ಗುಡ್ಡದ ಮೇಲಿನ ದೋಣಿಮಲೈ ಗಣಿ ಕ್ವಾರ್ಟರ್ಸ್ ಮತ್ತು ಕಂಪ್ಲಿ ತಾಲ್ಲೂಕಿನ ಮೆಟ್ರಿ. ಎರಡೂ ಕಡೆ ತೂಕ ಹೆಚ್ಚಿದ್ದ ಹೆಣ್ಣುಮಕ್ಕಳು ಒಪ್ಪಿ ಸೇರಿದರು. ಅರ್ಧ ಜನರಿಗೆ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲು, ಉಳಿದರ್ಧ ಜನರಿಗೆ ಬರೀ ಪಿಷ್ಟದ ಪುಡಿ. ಈ ಹುಸಿ ಔಷಧಕ್ಕೆ ಪ್ಲಸೀಬೊ ಎನ್ನುತ್ತೇವೆ. ಯಾರ ಬಾಟಲಿಯಲ್ಲಿ ಯಾವುದಿದೆ ಎಂಬುದು ತಿನ್ನುವವರಿಗೂ ಗೊತ್ತಿರಬಾರದು, ಕೊಡುವವರಿಗೂ ಗೊತ್ತಿರಬಾರದು. ಆ ಗುಟ್ಟು ಬೆಂಗಳೂರಿನ ಕಂಪ್ಯೂಟರಿನಲ್ಲಿತ್ತು. ಮಲದ ಮಾದರಿಯಲ್ಲಿ ಆ ಬ್ಯಾಕ್ಟೀರಿಯಾ ತಳಿಯ ಡಿಎನ್‌ಎ ಇದೆಯೇ ಎಂದು ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ಈ ಕೆಲಸ ಮಾಡುವಾಗ ಊಟದ ಹೊತ್ತಿಗೆ ಯಾರೂ ನಮ್ಮ ಪಕ್ಕ ಕೂರುತ್ತಿರಲಿಲ್ಲ.

ಮೆಟ್ರಿಯ ಹೊಣೆ ಹೊತ್ತಿದ್ದವಳು ರೇಣುಕಾ. ಕಂಪ್ಲಿಯವಳು, ನರ್ಸಿಂಗ್ ಓದಿದವಳು, ಎರಡು ಹೆಣ್ಣುಮಕ್ಕಳ ತಾಯಿ. ಸ್ಕೂಟಿಯ ಮುಂದೆ ಐಸ್ ಡಬ್ಬಿ ಇಟ್ಟುಕೊಂಡು ಮನೆಮನೆ ಸುತ್ತಿ ಬಾಟಲಿ ಕೊಡುವುದು, ಮಾದರಿ ತರುವುದು ಅವಳ ಕೆಲಸ. ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಹುದ್ದೆಗೆ ಓದಿಕೊಂಡು ಅರ್ಜಿಯನ್ನೂ ಹಾಕಿದ್ದಳು. ನಮ್ಮಲ್ಲಿಯ ಅನುಭವವೇ ಅವಳ ದೊಡ್ಡ ಬಂಡವಾಳ.

ಬೇಸಿಗೆ ಏರುತ್ತಿದ್ದಾಗ ಬೆಂಗಳೂರಿನಿಂದ ಪ್ರಾಜೆಕ್ಟ್ ಮುಖ್ಯಸ್ಥರು ಫೋನು ಮಾಡಿದರು. ನಾನು ಕಳಿಸಿದ ಪಿಸಿಆರ್ ಫಲಿತಾಂಶಗಳನ್ನು ಅವರು ಆ ಗುಟ್ಟಿನ ಪಟ್ಟಿಯ ಜೊತೆ ಹೋಲಿಸಿ ನೋಡಿದ್ದರು. ಮೆಟ್ರಿಯಲ್ಲಿ ಪ್ಲಸೀಬೊ ತಿನ್ನುತ್ತಿರುವವರ ಹೊಟ್ಟೆಯಲ್ಲೂ ನಮ್ಮ ತಳಿ ಸಿಕ್ಕಿದೆ, ದೋಣಿಮಲೈನಲ್ಲಿ ಹಾಗಾಗಿಲ್ಲ ಎಂದರು. "ನಿಮ್ಮ ಫೀಲ್ಡ್ ಹುಡುಗಿ ಬಾಟಲಿ ಬದಲಾಯಿಸಿದ್ದಾಳೆ, ಇಲ್ಲಾ ಮಾದರಿಗಳನ್ನು ಮನೆಯಲ್ಲೇ ಕೂತು ತುಂಬಿಸಿದ್ದಾಳೆ. ಮೊದಲು ಅವಳನ್ನು ತೆಗೆಯಿರಿ," ಎಂದರು. ಮೆಟ್ರಿ ಎಲ್ಲಿದೆ ಎಂದು ನಕ್ಷೆಯಲ್ಲೂ ನೋಡದ ಮನುಷ್ಯ ಅಲ್ಲಿಯ ಕಳ್ಳಿಯನ್ನು ಹಿಡಿದು ಮುಗಿಸಿದ್ದರು! ನನಗೆ ಮೈ ಉರಿಯಿತು. ವಿಚಾರಿಸದೆ ಯಾರನ್ನೂ ತೆಗೆಯುವುದಿಲ್ಲ ಎಂದು ಫೋನು ಇಟ್ಟೆ.

ವಿಷಯ ಹೇಳಿದರೆ ರೇಣುಕಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. "ನಾ ಬಾಟ್ಲಿ ಅದಲ್‌ಬದಲ್ ಮಾಡಿಲ್ರಿ ಮೇಡಮ್. ಕಳ್ಳಿ ಅಂತ ಬರದ್ರ ನನಗ ಯಾವ ಆಸ್ಪತ್ರ್ಯಾಗ ಕೆಲಸ ಕೊಡ್ತಾರ? ನಡೀರಿ, ನನ್ ಜೊತಿ ಮೆಟ್ರಿಗೆ ಬರ್ರಿ," ಎಂದಳು. ನನ್ನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು, ಕಾಲುವೆ ದಂಡೆಯ ಹೊಂಡಗಳಲ್ಲೆಲ್ಲ ಸಿಟ್ಟು ತೀರಿಸುತ್ತ ಕರೆದೊಯ್ದಳು.

ಮೊದಲು ಹೋದದ್ದು ಬಸಮ್ಮನವರ ಮನೆಗೆ. ಗದ್ದೆ ಇರುವ, ನಾಲ್ಕು ಜನ ಮಾತು ಕೇಳುವ ಮನೆ; ಬಸಮ್ಮ ನಮ್ಮ ಪ್ರಯೋಗದಲ್ಲಿ ಮೊದಲು ಹೆಸರು ಕೊಟ್ಟವರು. "ಕುಂದ್ರಿ, ಬಿಸಲಾಗ ಬಂದೀರಿ," ಎಂದು ದೊಡ್ಡ ಲೋಟಗಳಲ್ಲಿ ಮಜ್ಜಿಗೆ ಕೊಟ್ಟರು. ನಾವು ಕುಡಿಯುತ್ತಿರುವಾಗಲೇ ಪಕ್ಕದ ಮನೆಯ ಈರಮ್ಮ ಬಟ್ಟಲು ಹಿಡಿದು ಬಂದರು. ಅವರೂ ನಮ್ಮ ಪ್ರಯೋಗದವರೇ. "ಯಕ್ಕಾ, ಒಂದೀಟು ಹೆಪ್ಪು ಕೊಡ. ನನ್ ಗುಳಿಗಿ ಪುಡಿಗೆ ಹಾಲು ಹೆಪ್ಪಗಟ್ಟವಲ್ದು, ನಿಂದು ಭಾಳ ಚಲೋ ಐತಿ," ಎಂದರು.

ಲೋಟ ನನ್ನ ಕೈಯಲ್ಲೇ ನಿಂತಿತು. "ಗುಳಿಗೆ ಪುಡಿ ಹಾಲಿಗೆ ಯಾಕೆ ಹಾಕಿದ್ರಿ?" ಎಂದು ಕೇಳಿದೆ.

ಬಸಮ್ಮ ಮುಚ್ಚಿಡಲಿಲ್ಲ. "ಆ ಗುಳಿಗಿ ತೊಗಲು ಎಲುಬಿನ್ಯಾಗ ಮಾಡ್ತಾರಂತಲ್ರಿ. ನಾವು ಲಿಂಗ ಕಟ್ಟಿದೋರು, ಅದನ್ನ ಹೆಂಗ ನುಂಗೂದು? ಒಡದು, ತೊಗಲು ತಿಪ್ಪಿಗೆ ಒಗದು, ಪುಡಿ ಹಾಲಿಗೆ ಹಾಕ್ತೀವಿ. ಮೊಸರಿನ್ಯಾಗಿನ ಹುಳದಂಥದ್ದ ಇದು ಅಂತ ನೀವ ಹೇಳಿದ್ರಲ್ಲ, ಮೀಟಿಂಗಿನ್ಯಾಗ?"

ಹೌದು, ಹೇಳಿದ್ದೆವು. ಕ್ಯಾಪ್ಸೂಲಿನ ಹೊರಕವಚ ಜೆಲಾಟಿನ್‌ನದು, ಅದು ಪ್ರಾಣಿಗಳ ಮೂಳೆ ಚರ್ಮದಿಂದ ಬರುವಂಥದ್ದು ಎಂಬುದೂ ನಿಜ. ಒಪ್ಪಿಗೆ ಪತ್ರದಲ್ಲಿ ಪುಟಗಟ್ಟಲೆ ಬರೆದಿದ್ದ ಕಂಪನಿ ಇದೊಂದನ್ನು ಬರೆದಿರಲಿಲ್ಲ. ಇನ್ನು ಹೆಪ್ಪಿನ ಕಥೆ ಗೊತ್ತಿರುವುದೇ. ಒಂದು ಮನೆಯ ಮೊಸರು ಕೆಟ್ಟರೆ ಇನ್ನೊಂದು ಮನೆಯಿಂದ ಬಟ್ಟಲಲ್ಲಿ ಬರುತ್ತದೆ. ಹೆಪ್ಪು ಇಲ್ಲ ಎನ್ನುವ ಗೃಹಿಣಿಯನ್ನು ನಮ್ಮ ಕಡೆ ಯಾರೂ ಮೆಚ್ಚುವುದಿಲ್ಲ. ಬಸಮ್ಮನವರ ಗಡಿಗೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಓಣಿಯ ಗಡಿಗೆಗಳಿಗೆಲ್ಲ ದಾಟಿತ್ತು. ಬೆಂಗಳೂರಿನ ಕಂಪ್ಯೂಟರ್ ಬಚ್ಚಿಟ್ಟ ಗುಟ್ಟನ್ನು ಹಾಲು ರಟ್ಟು ಮಾಡಿಬಿಟ್ಟಿತ್ತು: ಯಾರ ಪುಡಿಗೆ ಮೊಸರಾಗುತ್ತದೋ ಅವರದು ಅಸಲಿ. ರೇಣುಕಾ ನಗಲೋ ಅಳಲೋ ಎಂಬಂತೆ ಗೋಡೆಗೆ ಒರಗಿ ನಿಂತಳು. ನಾನಂತೂ ನಕ್ಕೆ.

ಆದರೆ ನಕ್ಕರೆ ಸಾಕ್ಷಿಯಾಗುವುದಿಲ್ಲ. ಓಣಿಯ ಮನೆಗಳಿಂದ ಮೊಸರಿನ ಮಾದರಿ ತೆಗೆದೆ. ಪ್ರಯೋಗದಲ್ಲಿ ಇಲ್ಲದ ಮನೆಗಳನ್ನೂ ಬಿಡಲಿಲ್ಲ. ರೇಣುಕಾಳನ್ನು ಬೇಕೆಂದೇ ದೂರ ಇಟ್ಟೆ, ನಾಳೆ ಯಾರೂ ಬೆರಳು ತೋರಬಾರದು ಎಂದು. ಪಿಸಿಆರ್ ಫಲಿತಾಂಶ ಬಂತು. ನಮ್ಮ ಕ್ಯಾಪ್ಸೂಲನ್ನೇ ಕಾಣದ ಮನೆಗಳ ಮೊಸರಿನಲ್ಲೂ ನಮ್ಮದೇ ತಳಿ ಕೂತಿತ್ತು.

ಬೆಂಗಳೂರಿನವರ ಜೊತೆ ವಿಡಿಯೊ ಸಭೆ ನಡೆಯಿತು. ಫಲಿತಾಂಶವನ್ನು ಮುಖ್ಯಸ್ಥರು ಸಾಲುಸಾಲಾಗಿ ಓದಿದರು. ಅವರ ಪಕ್ಕ ಕೂತಿದ್ದ ಮಾರಾಟ ವಿಭಾಗದವರ ಮುಖ ಬಾಡಿತು. ದುಬಾರಿ ಕ್ಯಾಪ್ಸೂಲಿನೊಳಗಿನ ಜೀವಿ ಒಂದು ಗಡಿಗೆ ಹಾಲಿನಲ್ಲಿ ಪುಕ್ಕಟೆ ಬೆಳೆಯುತ್ತದೆ ಎಂದು ವರದಿಯಲ್ಲಿ ಬಂದರೆ ಅದನ್ನು ಕೊಳ್ಳುವವರು ಯಾರು?

"ನಿಮ್ಮ ಹುಡುಗಿಯ ತಪ್ಪಿಲ್ಲ, ಒಪ್ಪಿದೆ," ಎಂದರು ಮುಖ್ಯಸ್ಥರು. "ಆದರೆ ಮೊಸರಿನ ಪುರಾಣ ಬೇಡ. ಮೆಟ್ರಿಯನ್ನು ಕೈಬಿಟ್ಟು, ಕ್ಷೇತ್ರ ಸಿಬ್ಬಂದಿಯ ಲೋಪದಿಂದ ಎಂದು ಒಂದು ಸಾಲು ಹಾಕೋಣ. ಯಾರ ಹೆಸರೂ ಇರುವುದಿಲ್ಲ."

ಮೆಟ್ರಿಯಲ್ಲಿದ್ದ ಕ್ಷೇತ್ರ ಸಿಬ್ಬಂದಿ ಒಬ್ಬಳೇ. ಹೆಸರು ಬರೆಯದಿದ್ದರೇನು, ಹಣೆಯ ಮೇಲೆ ಬರೆದಂತೆಯೇ.

"ಆ ಸಾಲು ಇದ್ದರೆ ನನ್ನ ಸಹಿ ಇರುವುದಿಲ್ಲ," ಎಂದೆ. ಕೇಂದ್ರದ ಹೊಣೆ ಹೊತ್ತವರ ಸಹಿ ಇಲ್ಲದೆ ವರದಿ ಮುಂದೆ ಹೋಗುವಂತಿರಲಿಲ್ಲ.

"ಹಾಗಾದರೆ ಹೊಸಪೇಟೆ ಕೇಂದ್ರ ಮುಂದುವರಿಯುವುದು ಕಷ್ಟ," ಎಂದರು.

"ಮುಚ್ಚಿ. ಬೀಗ ನಾನೇ ಹಾಕಿ ಕೊಡುತ್ತೇನೆ."

ಅಂಥ ಮಾತು ನನ್ನ ಬಾಯಿಂದ ಬಂದೀತೆಂದು ನನಗೂ ಗೊತ್ತಿರಲಿಲ್ಲ. ವಾರಗಟ್ಟಲೆ ಇಮೇಲುಗಳಲ್ಲಿ ಜಗ್ಗಾಡಿದರು. ನಾನು ಒಂದಕ್ಷರ ಕದಲಲಿಲ್ಲ. ಕೊನೆಗೆ ವರದಿ ನಾನು ಬರೆದಂತೆಯೇ ಹೋಯಿತು: ಪುಡಿಯನ್ನು ಹೆಪ್ಪಾಗಿ ಬಳಸಿದ್ದರಿಂದ ತಳಿ ಓಣಿಯಲ್ಲೆಲ್ಲ ಹರಡಿತು, ಸಿಬ್ಬಂದಿಯ ಲೋಪ ಇಲ್ಲ, ಕವಚದ ಮೂಲವನ್ನು ಜನರಿಗೆ ತಿಳಿಸದಿದ್ದುದು ನಮ್ಮ ವಿನ್ಯಾಸದ ದೋಷ.

ತೂಕ ಇಳಿಯಿತೇ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ತಳಿ ಮೆಟ್ರಿಯವರ ಕರುಳಿನಲ್ಲಿ ಹಾಯಾಗಿತ್ತು, ಬಸಮ್ಮನವರ ಸೊಂಟವೂ ಹಾಯಾಗಿತ್ತು. ದೋಣಿಮಲೈನಲ್ಲೂ ಜಂಬ ಕೊಚ್ಚಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಊಟ, ನಿದ್ದೆ, ದುಡಿಮೆ ಎಲ್ಲ ಸೇರಿ ಆಡುವ ಆಟದಲ್ಲಿ ಒಂದು ಬ್ಯಾಕ್ಟೀರಿಯಾ ಒಂಟಿಯಾಗಿ ಗೆಲ್ಲುವುದಿಲ್ಲ. ಅದನ್ನೂ ಬರೆದೆವು.

ಕೇಂದ್ರ ಮುಚ್ಚಿತು. ನಿವೃತ್ತಿಗೆ ಮೊದಲೇ ನಾನು ಮನೆಯಲ್ಲಿ ಕೂತೆ. ರೇಣುಕಾಳ ಸಂದರ್ಶನದಲ್ಲಿ ಒಬ್ಬರು ವ್ಯಂಗ್ಯವಾಗಿ, "ಮೆಟ್ರಿ ಟ್ರಯಲ್ ಹಾಳು ಮಾಡಿದವರು ನೀವೇನಾ?" ಎಂದರಂತೆ. ಇವಳು ವರದಿಯ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟು, "ಹಾಳಾಗಿಲ್ರಿ ಸರ್. ಏನ್ ನಡೀತೋ ಅದನ್ನ ಬರದೀವಿ, ಓದ್ರಿ," ಎಂದಳಂತೆ. ಈಗ ಅವಳು ಸರ್ಕಾರಿ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ.

ಲೆಕ್ಕ ತಪ್ಪಿದಾಗ ಮೇಲೆ ಕೂತವರ ಕಣ್ಣು ಮೊದಲು ಬೀಳುವುದು ಬಿಸಿಲಿನಲ್ಲಿ ತಿರುಗುವವರ ಮೇಲೆಯೇ. ಅದು ಈಗಲೂ ಬದಲಾಗಿಲ್ಲ. ಸೂಕ್ಷ್ಮದರ್ಶಕ ಹಿಡಿಯುವುದನ್ನು ಕಾಲೇಜು ಕಲಿಸಿತು. ಎಲ್ಲಿ ಸಹಿ ಹಾಕಬಾರದು ಎಂಬುದನ್ನು ಕಲಿಸಿದ್ದು ಈ ಕೆಲಸ, ಮತ್ತು ಅದಕ್ಕೆ ತೆತ್ತ ಬೆಲೆ ನನಗೆ ಹೆಚ್ಚೆನಿಸಿಲ್ಲ.