ಎಡಗೈಗೆ ಗವಸು, ಬಲಗೈಗೆ ಪರೀಕ್ಷೆ

ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದವು. ನಾನಾಗ ಚೆನ್ನೈನ ಒಂದು ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರ ಕೈಕಾಲುಗಳನ್ನು ಮಡಿಸುವುದು, ಬಿಡಿಸುವುದು, ನಡೆಸುವುದು, ಇದೇ ದಿನವೆಲ್ಲ ಕೆಲಸ. ಆರು ತಿಂಗಳೊಳಗೆ ಮರಳದ ಕೈ ಇನ್ನು ಮರಳದು ಎಂದು ಕಾಲೇಜಿನಲ್ಲಿ ಕಲಿತಿದ್ದೆವು. ಯಾರೂ ಅದನ್ನು ಪ್ರಶ್ನಿಸುತ್ತಿರಲಿಲ್ಲ.

ಆಗ ಊರಿಗೆ ವಿದೇಶದಿಂದ ಒಬ್ಬ ತರಬೇತುದಾರಳು ಬಂದಳು. ಮೆದುಳಿನ ಒಂದು ಭಾಗ ಸತ್ತರೆ ಅದರ ಕೆಲಸವನ್ನು ಪಕ್ಕದ ಭಾಗ ಕಲಿಯಬಲ್ಲದು, ಆದರೆ ನಾವು ಕಲಿಸಬೇಕು ಎಂದಳು. ಒಳ್ಳೆಯ ಕೈಯೇ ಎಲ್ಲವನ್ನೂ ಮಾಡಿಬಿಟ್ಟರೆ ಸೋತ ಕೈ ಯಾಕೆ ಕಲಿಯುತ್ತದೆ? ಆದ್ದರಿಂದ ಒಳ್ಳೆಯ ಕೈಯನ್ನು ಕಟ್ಟಿಹಾಕಿ! ನನಗೆ ಮೈ ಜುಮ್ಮೆಂದಿತು. ಆ ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ.

ಪಾಠ ಕೇಳಿದವರಿಗೆಲ್ಲ ಸರ್ಟಿಫಿಕೇಟ್ ಕೊಡಲು ಆಕೆ ಒಪ್ಪಲಿಲ್ಲ. "ಮೆದುಳಿನ ಹೆಸರು ಹೇಳಿ ಬೋರ್ಡು ಹಾಕುವವರು ಬೇಕಾದಷ್ಟು ಜನ ಇದ್ದಾರೆ. ನೀವು ಒಬ್ಬ ರೋಗಿಯ ಜೊತೆ ಕೆಲಸ ಮಾಡಿ, ಅವರನ್ನು ಪರೀಕ್ಷಕರ ಮುಂದೆ ಕರೆದುಕೊಂಡು ಬನ್ನಿ" ಎಂದಳು.

ನನಗೆ ಸಿಕ್ಕವರು ಪುರಸೈವಾಕ್ಕಂನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ಯಜಮಾನರು. ದಾವಣಗೆರೆ ಕಡೆಯಿಂದ ಬಂದು ನೆಲೆಸಿದವರು. ಎರಡು ವರ್ಷದಿಂದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಆದರೆ ಮಣಿಕಟ್ಟು ಒಂದಿಷ್ಟು ಏಳುತ್ತಿತ್ತು, ಬೆರಳುಗಳು ಚೂರು ಬಿಚ್ಚುತ್ತಿದ್ದವು. ಈ ಚಿಕಿತ್ಸೆಗೆ ಅಷ್ಟಾದರೂ ಇರಬೇಕಿತ್ತು.

"ಉಳಿದಿರೋದೇ ಎಡಗೈ ನೋಡವ್ವ. ಅದನ್ನೂ ಕಟ್ತೀನಿ ಅಂತೀಯಲ್ಲ, ಚಲೋ ಐತಿ ನಿನ್ ನ್ಯಾಯ!" ಎಂದು ನಕ್ಕರು.

ಅವರ ಹೆಂಡತಿ ನಗಲಿಲ್ಲ. "ಸುಮ್ನೆ ಕಟ್ಟಿಸ್ಕೊಳ್ರಿ. ನಿಮ್ ಅಂಗಿ ಗುಂಡಿ ಹಾಕಿ ಹಾಕಿ ನನಗೆ ಸಾಕಾಗೇತಿ." ಹಳೆಯ ಕೌದಿಯನ್ನು ಕತ್ತರಿಸಿ ಎಡಗೈಗೆ ದಪ್ಪನೆಯ ಗವಸು ಹೊಲಿದುಕೊಟ್ಟವರೂ ಅವರೇ.

ಎಚ್ಚರವಿದ್ದಷ್ಟು ಹೊತ್ತೂ ಗವಸು ಹಾಕಿಕೊಂಡೇ ಇರಬೇಕು. ಯಜಮಾನರು ಗಲ್ಲಾದಲ್ಲಿ ಹಾಗೇ ಕೂತರು. "ಎನ್ನ ಮುದಲಾಳಿ, ಬಾಕ್ಸಿಂಗಾ?" ಎಂದು ಗಿರಾಕಿಗಳು ತಮಿಳಿನಲ್ಲಿ ತಮಾಷೆ ಮಾಡಿದರೆ, "ಆಮಾ, ಅಡಿಕ್ಕಟ್ಟುಮಾ?" ಎಂದು ಹೊಡೆಯುವವರಂತೆ ಗವಸನ್ನೆತ್ತಿ ಹೆದರಿಸುತ್ತಿದ್ದರು. ನಾನು ಮಧ್ಯಾಹ್ನ ಹೋಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಟೆಗಟ್ಟಲೆ ಬಲಗೈಗೆ ಪಾಠ ಹೇಳುತ್ತಿದ್ದೆ: ಚಮಚ ಹಿಡಿ, ಬಿಡು, ಬಟ್ಟಲಿಗೆ ಹಾಕು. ಚಮಚಗಳು ಠಣ್ಣೆಂದು ನೆಲಕ್ಕೆ ಬೀಳುತ್ತಿದ್ದವು. ಅವರು ಸಿಟ್ಟಾಗುತ್ತಿದ್ದರು. ಒಮ್ಮೆ ಗವಸನ್ನು ಹಲ್ಲಿನಿಂದ ಕಿತ್ತೆಸೆದು ಎರಡು ದಿನ ನನ್ನೊಡನೆ ಮಾತೇ ಬಿಟ್ಟರು.

ಮೂರನೆಯ ವಾರದಲ್ಲಿ ನಾನು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾಗಲೇ ಒಳಗಿನಿಂದ ಕೂಗು ಕೇಳಿಸಿತು. "ಅವ್ವಾ, ಓಡಿ ಬಾ! ಮುಚ್ಚಳ ಕುಂತ್ತು!" ಒಂದು ಡಬ್ಬಿಯ ಮೇಲೆ ಬಲಗೈಯಿಂದ ಮುಚ್ಚಳ ಇಟ್ಟು ಒತ್ತಿದ್ದರು. ನಾನು ನೋಡಲಿಲ್ಲವೆಂದು ಪಕ್ಕದಲ್ಲಿದ್ದವರಿಂದ ಅದನ್ನು ತೆಗೆಸಿ, ಮತ್ತೆ ಇಟ್ಟು ತೋರಿಸಿದರು. ಕೊಡ ಕೊಳ್ಳಲು ಬಂದಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ಸಣ್ಣ ಹುಡುಗಿಯ ಹಾಗೆ ಕುಣಿದೆ.

ಪರೀಕ್ಷೆಯ ದಿನ ಗಂಡಹೆಂಡತಿ ಇಬ್ಬರೂ ಮದುವೆಗೆ ಹೊರಟವರಂತೆ ಬಂದರು. ಪರೀಕ್ಷಕರಾಗಿ ತರಬೇತುದಾರಳ ಪಕ್ಕದಲ್ಲಿ ಒಬ್ಬ ಹಿರಿಯ ನರರೋಗ ವೈದ್ಯರು ಕೂತಿದ್ದರು. ಎರಡು ವರ್ಷ ಹಳೆಯ ಲಕ್ವ ಎಂದು ಓದಿ ಹುಬ್ಬೇರಿಸಿದ ಅವರು, ಒಂದು ಲೋಟ ನೀರನ್ನು ಮುಂದಿಟ್ಟು "ಎತ್ತಲಿ ನೋಡೋಣ" ಎಂದರು.

ಯಜಮಾನರು ಕೈ ಚಾಚಿದರು. ಬೆರಳುಗಳು ಬಿಚ್ಚಲೇ ಇಲ್ಲ. ಗಾಬರಿಗೆ ಕೈ ಮುಷ್ಟಿ ಕಟ್ಟಿತ್ತು. ಪ್ರಯತ್ನಿಸಿದಷ್ಟೂ ಇನ್ನಷ್ಟು ಬಿಗಿಯಾಯಿತು. ಅವರ ಹಣೆಯಲ್ಲಿ ಬೆವರು.

ನಾನು ಲೋಟವನ್ನು ದೂರ ಸರಿಸಿದೆ. ಅವರ ಮುಷ್ಟಿಯನ್ನು ನನ್ನ ಕೈಯಲ್ಲಿ ಹಿಡಿದು ಅವರ ತೊಡೆಯ ಮೇಲಿರಿಸಿ, ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟು ಕೇಳಿದೆ: "ಯಜಮಾನ್ರೇ, ಇವತ್ತು ಅಂಗಡೀಲಿ ಯಾರಿದಾರೆ?"

"ಇವಳ ತಮ್ಮ. ಕುಕ್ಕರ್ ಕೇಳಿದ್ರೆ ಇಡ್ಲಿಪಾತ್ರೆ ತೋರಿಸ್ತಾನ ಆ ಮಾರಾಯ!"

"ನನ್ ತಮ್ಮನ ಸುದ್ದಿಗೆ ಬರಬ್ಯಾಡ್ರಿ" ಎಂದು ಹಿಂದಿನಿಂದ ಹೆಂಡತಿ.

ಅವರು ನಕ್ಕರು. ನನ್ನ ಕೈಯೊಳಗೆ ಅವರ ಬೆರಳು ಸಡಿಲವಾಗಿದ್ದು ಗೊತ್ತಾಯಿತು. ಲೋಟವನ್ನು ಮತ್ತೆ ಹತ್ತಿರ ತಂದು, "ಎತ್ತಬೇಡಿ, ಬರೀ ಮುಟ್ಟಿ" ಎಂದೆ. ಮುಟ್ಟಿದರು. "ಹಿಡ್ಕೊಳ್ಳಿ." ಹಿಡಿದರು. "ಈಗ ನಿಮ್ಮ ಕಡೆ ಎಳ್ಕೊಳ್ಳಿ." ಎಳೆದುಕೊಂಡರು. ಮುಂದಿನದನ್ನು ನಾನು ಹೇಳುವ ಮೊದಲೇ ಲೋಟ ಮೇಲೆದ್ದಿತು, ನಡುಗುತ್ತ ತುಟಿಗೆ ತಾಗಿತು. ಅರ್ಧ ನೀರು ರೇಷ್ಮೆ ಶಲ್ಯದ ಮೇಲೆ ಚೆಲ್ಲಿತು. ಅರ್ಧವನ್ನು ಕುಡಿದರು.

ಡಾಕ್ಟರು ನನ್ನ ಕಡೆ ತಿರುಗಿದರು. "ಕೈ ಬಿಚ್ಚದೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ?"

"ಇನ್ನೂ ಚಿಕ್ಕ ಕೆಲಸ ಕೊಡುತ್ತಿದ್ದೆ, ಸರ್."

"ಅದೂ ಆಗದಿದ್ದರೆ?"

"ಇವತ್ತಿಗೆ ಸಾಕು ಅಂತ ನಿಲ್ಲಿಸ್ತಿದ್ದೆ. ಎಲ್ಲರ ಕೈಗೂ ಇದು ಆಗೋದಿಲ್ಲ. ಆಗದವರಿಗೆ ಆಗುತ್ತೆ ಅಂತ ಹೇಳಬಾರದು."

"ಅದು ಸೆರಿ" ಎಂದರು ಡಾಕ್ಟರು. ನನ್ನನ್ನು ಪಾಸು ಮಾಡಿದ್ದು ಲೋಟ ಎದ್ದದ್ದಕ್ಕಲ್ಲ, ಏಳದಿದ್ದಾಗ ನಾನು ಮಾಡಿದ್ದಕ್ಕೆ ಎಂದು ತರಬೇತುದಾರಳು ಆಮೇಲೆ ಹೇಳಿದಳು. ಮುಂದೆ ಎಷ್ಟೋ ಕೈಗಳಿಗೆ ಗವಸು ತೊಡಿಸಿದ್ದೇನೆ. ಕೆಲವು ಮರಳಿವೆ, ಕೆಲವು ಇಲ್ಲ.

ಆ ಮಧ್ಯಾಹ್ನ ಮಾತ್ರ ನಮ್ಮ ಮೂವರ ಕಾಲೂ ನೆಲದ ಮೇಲಿರಲಿಲ್ಲ. "ಪಾಸಾಗಿದ್ದು ನೀನೋ ನಾನೋ?" ಎಂದು ಯಜಮಾನರು ಗೇಟಿನವರೆಗೂ ಕೇಳುತ್ತಲೇ ಬಂದರು. ಗೇಟಿನ ಹೊರಗೆ ನಾನು ಆಟೋ ಕರೆಯಲು ಹೋದರೆ ತಡೆದರು. "ತಡಿ, ನಾನು ನಿಲ್ಲಿಸ್ತೀನಿ." ಬಲಗೈ ಎದೆಯ ಮಟ್ಟಕ್ಕಷ್ಟೇ ಏರಿತು. ಒಂದು ಆಟೋ ನೋಡದೆ ಹೋಯಿತು. ಇನ್ನೊಂದೂ ಹೋಯಿತು. ಅವರು ಹಲ್ಲು ಕಚ್ಚಿ ಮತ್ತೂ ಎತ್ತಿದರು. ಮುಂದೆ ಹೋಗಿದ್ದ ಮತ್ತೊಂದು ಆಟೋ ರಿವರ್ಸ್ ಬಂದು, "ಎಂಗ ಪೋಣುಂ, ಸಾರ್?" ಎಂದಿತು.

ಹೋಗುವ ಜಾಗ ಹೇಳುವುದನ್ನೇ ಮರೆತು, ಯಜಮಾನರು ಆ ಡ್ರೈವರಿಗೆ ತಮ್ಮ ಕೈಯ ಕಥೆ ಶುರುಮಾಡಿದರು.