ಶುಕ್ರವಾರದ ಹೊಳೆ

ಪೆಕಲೋಂಗನ್ ಪಟ್ಟಣದಲ್ಲಿ ವಾಣಿಜ್ಯಶಾಸ್ತ್ರ ಕಲಿಸಿದವರು ಅನೇಕರಿದ್ದಾರೆ. ಆದರೆ ಬಂಡವಾಳ ಹಾಕುವವರು ಲಾಭದಷ್ಟೇ ನೆರೆಹೊರೆಯ ಹಿತವನ್ನೂ ನೋಡಬೇಕೆಂದು ಎಳೆಯರಿಗೆ ತಿಳಿಹೇಳಿ, ಅಂಥ ಯೋಜನೆಗಳ ಸ್ಪರ್ಧೆಗೆ ವರ್ಷವರ್ಷವೂ ಒಂದು ತಂಡವನ್ನು ಅಣಿಗೊಳಿಸಿ ಜಕಾರ್ತಕ್ಕೆ ಕರೆದೊಯ್ದವರು ಶ್ರೀಮತಿ ವಾರ್ಸಿನಿ ಅವರೊಬ್ಬರೇ. ಅದೇ ಕಾಲೇಜಿನ ಗ್ರಂಥಾಲಯದಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ, ಅವರ ನಿವೃತ್ತಿಯ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ದೊರೆತಿದೆ.

ಅವರು ಸೇವೆಗೆ ಸೇರಿದಾಗ ಇಂಥ ಸ್ಪರ್ಧೆಗಳ ಹೆಸರನ್ನೂ ನಾವು ಕೇಳಿರಲಿಲ್ಲ. ಮೊದಲ ತಂಡ ಗ್ರಂಥಾಲಯದ ಮೂಲೆಯ ಮೇಜಿನಲ್ಲಿ ಕೂತು ಕೆಲಸ ಮಾಡಿತು. ಮಕ್ಕಳ ಬಾಯಲ್ಲಿ ಅವರು 'ಬು', ಅಂದರೆ ಅಮ್ಮ. ಊಟ ಬಿಟ್ಟು ಬಂದ ಮಕ್ಕಳನ್ನು ಅವರು ಹೇಗೆ ಗುರುತಿಸುತ್ತಿದ್ದರೋ ತಿಳಿಯದು. ಎಳೆ ಹಲಸು ಬೆರೆಸಿ ಬಾಳೆಲೆಯಲ್ಲಿ ಕಟ್ಟಿದ ಮೆಗೊನೊ ಅನ್ನದ ಪೊಟ್ಟಣವನ್ನು ಮೇಜಿನ ಮೇಲಿಟ್ಟು, "ಯಾರೋ ಮರ್ತು ಹೋಗಿದ್ದಾರೆ, ಹಳಸತ್ತೆ, ತಿಂದ್ಬಿಡಿ" ಎನ್ನುವರು. ಅಲ್ಲಿ ತಿನ್ನಬಾರದೆಂಬ ನಿಯಮವಿದ್ದುದರಿಂದ ನಾನು ಆಗ ಕಿಟಕಿಯ ಕಡೆ ನೋಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಸೆಕಾರ್ ಎಂಬ ಹುಡುಗಿಯ ತಂಡ ಆಯ್ಕೆಯಾಯಿತು. ಅವಳ ತಂದೆ ಬಾಟಿಕ್ ಬಟ್ಟೆಗೆ ಬಣ್ಣ ಹಾಕುವವರು. ಅವರ ಓಣಿಯ ಬಣ್ಣದ ನೀರೆಲ್ಲ ನೇರವಾಗಿ ಹೊಳೆಗೆ ಹೋಗಿ, ಬಾವಿಗಳೂ ಕೆಡತೊಡಗಿದ್ದವು. ಎಲ್ಲ ಮನೆಗಳಿಗೂ ಸೇರಿ ಒಂದು ಶುದ್ಧೀಕರಣ ಘಟಕ ಕಟ್ಟುವುದು, ಹಣ ಹೂಡಿದವರಿಗೆ ಮನೆಗಳು ಕೊಡುವ ಶುಲ್ಕದಿಂದ ಲಾಭ ಹಿಂದಿರುಗಿಸುವುದು ಮಕ್ಕಳ ಯೋಜನೆ. ಸ್ಪರ್ಧೆಯಲ್ಲಿ ಹೂಡಿಕೆದಾರರು ಒಪ್ಪಿದರೆ ಘಟಕ. ಇಲ್ಲವಾದರೆ ಓಣಿಗೆ ಬೇರೆ ದಾರಿಯಿರಲಿಲ್ಲ.

ಹೊರಡುವ ಹಿಂದಿನ ವಾರ, ಮಾದರಿಗೆಂದು ತಂದ ಹೊಳೆನೀರಿನ ಬಾಟಲಿಯನ್ನು ವಾರ್ಸಿನಿಯವರು ಬೆಳಕಿಗೆ ಹಿಡಿದರು.

"ಏನೇ ಸೆಕಾರ್, ನಿಮ್ಮಪ್ಪನ ಕೈಯೇ ಇದಕ್ಕಿಂತ ನೀಲಿ ಇದೆಯಲ್ಲೇ. ಯಾವತ್ತು ತುಂಬಿಸ್ಕೊಂಡ್ ಬಂದ್ರಿ?"

"ಶುಕ್ರವಾರ, ಬು. ರಜಾ ಇರತ್ತಲ್ಲ, ಪ್ರತಿ ಸಲಾನೂ ಶುಕ್ರವಾರಾನೇ ಹೋಗಿದ್ದು."

"ರಜಾ ನಿಮಗೊಬ್ಬರಿಗೇನಾ?"

ನಮ್ಮೂರಿನ ವಾರದ ರಜೆ ಶುಕ್ರವಾರ. ಅಂದು ಬಣ್ಣದ ತೊಟ್ಟಿಗಳೂ ಖಾಲಿ. ಹೊಳೆ ಎಲ್ಲಕ್ಕಿಂತ ತಿಳಿಯಾಗಿರುವ ದಿನವನ್ನೇ ಮಕ್ಕಳು ಅಳೆದಿದ್ದರು. ನಿಜವಾದ ಕೊಳೆಗೆ ಘಟಕ ಇನ್ನೂ ದೊಡ್ಡದಾಗಬೇಕು, ಲಾಭ ಕೈಗೆ ಬರುವುದು ತಡವಾಗುತ್ತದೆ.

"ಬು, ಜಕಾರ್ತದವರಿಗೆ ನಮ್ಮ ಶುಕ್ರವಾರ ಎಲ್ಲಿ ಗೊತ್ತಾಗತ್ತೆ?" ಎಂದ ತಂಡದ ಗಿಲಾಂಗ್.

"ಗೊತ್ತಾಗಲ್ಲ ಕಣೋ. ಘಟಕ ಕಟ್ಟಿದ ಮೇಲೆ ಶನಿವಾರ ಹೊಳೆಗೆ ಗೊತ್ತಾಗತ್ತೆ."

ಘಟಕ ಬಂದೇ ಬರುತ್ತದೆಂದು ಓಣಿಗೆಲ್ಲ ಆಗಲೇ ಹೇಳಿಬಿಟ್ಟಿದ್ದ ಸೆಕಾರ್ ತಲೆ ಎತ್ತಲಿಲ್ಲ. ವಾರ್ಸಿನಿಯವರು ಬೈಯಲಿಲ್ಲ. "ಶುಕ್ರವಾರದ ರಜಾ ತಗೊಂಡೇ ನಾನೂ ಮುದುಕಿ ಆದೆ. ಮೊದಲೇ ಕೇಳ್ಬೇಕಾಗಿತ್ತು ನಾನು" ಎಂದು ಆ ತಪ್ಪಿನಲ್ಲಿ ಪಾಲು ತೆಗೆದುಕೊಂಡರು. ಆ ಶನಿವಾರ ಮಕ್ಕಳೊಂದಿಗೆ ಚಪ್ಪಲಿ ಬಿಟ್ಟು ಅವರೂ ನೀರಿಗಿಳಿದರು. ಸೋಮವಾರವೂ ಅವರ ಕಾಲುಗುರು ನೀಲಿಯಾಗಿಯೇ ಇತ್ತು.

ಜಕಾರ್ತಕ್ಕೆ ನಾನೂ ಹೋಗಿದ್ದೆ. ವೇದಿಕೆಯಲ್ಲಿ ಸೆಕಾರ್ ಮೊದಲು ಹೇಳಿದ್ದೇ ತಮ್ಮ ಶುಕ್ರವಾರದ ತಪ್ಪನ್ನು. ಬಹುಮಾನ ಬೇರೆಯವರಿಗೆ ಹೋಯಿತು. ಮೆಟ್ಟಿಲ ಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದ ಅವಳ ಬಳಿಗೆ, ತೀರ್ಪುಗಾರರಲ್ಲಿ ಒಬ್ಬರಾಗಿದ್ದ, ಸಹಕಾರಿ ನಿಧಿಯೊಂದನ್ನು ನಡೆಸುವ ಹಿರಿಯ ಮಹಿಳೆ ಬಂದು ಕೂತರು.

"ತಡ ಆಗತ್ತೆ ಅಂತ ನೀನೇ ಅಂದೆಯಲ್ಲಮ್ಮ, ಎಷ್ಟು ತಡ ಅಂತ ಬಿಡಿಸಿ ಹೇಳು. ನಮಗೆ ಕಾದು ಅಭ್ಯಾಸ ಇದೆ."

ನಾನು ಹತ್ತಿರ ಹೋಗಹೊರಟೆ. ವಾರ್ಸಿನಿಯವರು ನನ್ನ ತೋಳು ಹಿಡಿದರು. "ಬನ್ನಿ ಅಕ್ಕ, ಟೀ ಕುಡಿಯೋಣ. ಅವಳೇ ಹೇಳ್ಲಿ, ಹೊಳೆ ಅವಳದು."

ಇಂದು ಆ ಓಣಿಯ ತುದಿಯಲ್ಲಿ ಘಟಕವಿದೆ, ನೋಡಿಕೊಳ್ಳುವವಳು ಸೆಕಾರ್. ಹೊಳೆಗೆ ಬಣ್ಣ ಬಿಡುವ ಓಣಿಗಳು ಇನ್ನೂ ಎಷ್ಟೋ ಉಳಿದಿವೆ. ವಾರ್ಸಿನಿಯವರಿಗೆ ಇನ್ನು ವಾರವೆಲ್ಲ ರಜೆ. ಆದರೂ ಮೊನ್ನೆ ಶನಿವಾರ ಅವರು ಹೊಸ ತಂಡವೊಂದರ ಜೊತೆ ಸೇತುವೆಯ ಕೆಳಗೆ ಬಾಟಲಿ ಹಿಡಿದು ನಿಂತಿದ್ದನ್ನು ಕಂಡೆ. ಅವರ ಮೊಣಕಾಲಿಗೆ ಬಲವಿರಲಿ, ಕಣ್ಣಿಗೆ ಬೆಳಕಿರಲಿ. ನಮ್ಮ ಹೊಳೆಗೆ ವಾರದ ಎಲ್ಲ ದಿನವೂ ಶುಕ್ರವಾರವಾಗುವುದನ್ನು ಕಾಣುವಷ್ಟು ಆಯುಸ್ಸು ಅವರಿಗಿರಲಿ.